ಮೂವತ್ತೇಳು ಹನ್ನೆರಡು, ಎರಡು ಸಲ

“ಅಕ್ಕಾ, ನಾನು ಕ್ಷೌರದವನು. ಕೂದಲೆಳೆ ಅಂತರ ಅಂದ್ರೆ ಎಷ್ಟು ಅಂತ ನಂಗೆ ಹೇಳ್ಕೊಡ್ಬೇಡಿ. ಕೊನೇ ತಿರುವಿಂದ ಓಟ ಮುಗಿಯೋ ಗೆರೆ ತನಕ ನಿಮ್ಮ ಜಡೆ ತುದಿ ನನ್ನ ಮೂಗಿಗೆ ಬಡೀತಾ ಇತ್ತು. ಈಗ ನೋಡಿದ್ರೆ ನಿಮಗೆ ಮೂವತ್ತೊಂಬತ್ತು ನಿಮಿಷ ಮೂವತ್ನಾಲ್ಕು ಸೆಕೆಂಡು, ನಂಗೆ ನಲವತ್ತು ಇಪ್ಪತ್ತೆರಡು. ಮಧ್ಯದ ನಲವತ್ತೆಂಟು ಸೆಕೆಂಡು ನಾನು ಎಲ್ಲಿ ಕೂತಿದ್ದೆ? ಹೇಳಿ.”

ನಾನು ಶೂ ಬಿಚ್ಚಿಟ್ಟು, ಸಾಮಾನು ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಪಾದಗಳು ಬೇರೆ ಯಾರವೋ ಎಂಬಂತೆ ಮುಂದೆ ಬಿದ್ದಿದ್ದವು. ನನ್ನ ತಲೆಯ ಮೇಲೆಯೇ ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ನೇತುಹಾಕಿದ್ದ ಆ ವಾರದ ಓಟದ ಪಟ್ಟಿ ಗಾಳಿಗೆ ಪಟಪಟ ಎನ್ನುತ್ತಿತ್ತು. ಎಪ್ಪತ್ತನೆಯ ಸಾಲು ನನ್ನದು. ಅದನ್ನು ಆಗಲೇ ನಾಲ್ಕು ಸಲ ಎದ್ದು ಎದ್ದು ಓದಿ ಕೂತಿದ್ದೆ.

“ಗೆರೆ ಹತ್ರ ನೀನು ನಿಂತು ಬೆವರು ಒರೆಸ್ಕೊಂಡಿರ್ತೀಯ,” ಎಂದೆ.

“ಬೆವರು ಒರೆಸೋಕೆ ನಲವತ್ತೆಂಟು ಸೆಕೆಂಡಾ? ಅಷ್ಟರಲ್ಲಿ ನಾನು ಒಬ್ಬರ ಗಡ್ಡ ಅರ್ಧ ಮುಗಿಸ್ತೀನಿ. ಟೈಮು ಒತ್ತೋ ಮೇಷ್ಟ್ರನ್ನ ಕೇಳೇ ಬಿಡ್ತೀನಿ.”

“ಬೇಡ ಕಣೋ. ಸುಮ್ನಿರು.”

ಅವನು ನನ್ನ ಮುಖ ನೋಡಿದ. ಬಾಯಿ ಬಡುಕ, ಆದರೆ ದಡ್ಡನಲ್ಲ. ಜನರ ಮುಖ ಕೈಯಲ್ಲಿ ಹಿಡಿದು ತಿರುಗಿಸುವ ಕೆಲಸ ಮಾಡುವವನಿಗೆ ಮುಖ ಓದಲು ಬರದೆ ಇದ್ದೀತೆ? ನನಗೆ ಆ ಅಂಕಿ ಯಾಕೆ ಬೇಕು ಎಂಬುದು ಕೆರೆ ಸುತ್ತ ಓಡುವ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ನನ್ನ ಹೆಸರು ಯಾರಿಗೂ ತಿಳಿಯದು. ಎಲ್ಲರಿಗೂ ನಾನು ಆಂಬುಲೆನ್ಸ್ ಅಕ್ಕ.

ಹತ್ತೊಂಬತ್ತು ವರ್ಷ ನಾನು ಆಂಬುಲೆನ್ಸಿನ ಹಿಂದಿನ ಸೀಟಿನಲ್ಲಿ ಕೂತವಳು. ಸ್ಟ್ರೆಚರಿನ ತಲೆಯ ಕಡೆ ಡ್ರೈವರ್, ಕಾಲಿನ ಕಡೆ ನಾನು. ಲಿಫ್ಟಿಲ್ಲದ ನಾಲ್ಕನೇ ಮಹಡಿಯಿಂದ ನೂರು ಕಿಲೋದ ಮನುಷ್ಯನನ್ನು ಇಳಿಸಿದ್ದೇನೆ, ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಯಂದಿರನ್ನು ಹೂವಿನ ಹಾಗೆ ಎತ್ತಿದ್ದೇನೆ. ಹೋದ ವರ್ಷ ಬೆನ್ನಿನ ಆಪರೇಷನ್ ಆಯಿತು. ಮೂರು ತಿಂಗಳ ರಜೆ ಮುಗಿಸಿ ಬಂದಾಗ ನನ್ನನ್ನು ಫೋನ್ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ಎರಡು ಟ್ಯೂಬ್‌ಲೈಟು, ಕಿವಿಗೊಂದು ಹೆಡ್‌ಫೋನು, ಮೂರು ಕಾಲಿನ ಮೇಲೆ ಓಲಾಡುವ ಒಂದು ಕುರ್ಚಿ. ಯಾರೋ ಅಳುತ್ತಾರೆ, ವಿಳಾಸ ಹೇಳುತ್ತಾರೆ, ಉಸಿರಾಡ್ತಿಲ್ಲ ಎನ್ನುತ್ತಾರೆ. ಗಾಡಿ ತಲುಪಿದ ಕೂಡಲೇ ಫೋನು ಕಟ್. ಆಮೇಲೆ ಆ ಮನುಷ್ಯ ಬದುಕಿದನೋ ಹೋದನೋ, ನನಗೆ ಯಾರೂ ಹೇಳುವುದಿಲ್ಲ. ದಿನಕ್ಕೆ ಮೂವತ್ತು ಕಥೆಗಳ ಮೊದಲರ್ಧ ಮಾತ್ರ ಕೇಳಿ ಮನೆಗೆ ಹೋಗುವುದು. ನಾಲ್ಕು ಮಹಡಿ ಹತ್ತಿ ಇಳಿದ ದಿನ ಆಗದ ಆಯಾಸ ಆ ಕುರ್ಚಿಯಲ್ಲಿ ಕೂತ ದಿನ ಆಗುತ್ತದೆ ಎಂದರೆ ನನ್ನ ಗಂಡ ನಗುತ್ತಾನೆ. “ಕೂತಲ್ಲಿಗೇ ಸಂಬಳ ಬರೋವಾಗ ಎದ್ದು ಓಡ್ತೀನಿ ಅನ್ನೋಳು ಲೋಕದಲ್ಲಿ ನೀನೊಬ್ಳೇ ಕಣೆ,” ಎನ್ನುತ್ತಾನೆ. ಅವನದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹತ್ತು ಗಂಟೆ ನಿಂತೇ ಮಾಡುವ ಕೆಲಸ. ಅವನ ದೃಷ್ಟಿಯಲ್ಲಿ ಕುರ್ಚಿ ಎಂದರೆ ಸ್ವರ್ಗ.

ಗಾಡಿಗೆ ವಾಪಸು ಕಳಿಸಿ ಎಂದು ಆಫೀಸಿನ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಒಳ್ಳೆಯವಳೇ, ಆದರೆ ಕಡ್ಡಿ ಮುರಿದ ಹಾಗೆ ಮಾತು. “ಐದು ಕಿಲೋಮೀಟರು ನಲವತ್ತು ನಿಮಿಷದೊಳಗೆ ಓಡಿ ತೋರಿಸಿ, ಸಹಿ ಹಾಕ್ತೀನಿ. ನಾನೇನು ಗಡಿಯಾರ ಹಿಡ್ಕೊಂಡು ಬರಲ್ಲ. ಕೆರೆ ಹತ್ರ ಶನಿವಾರ ಓಡಿಸ್ತಾರಲ್ಲ, ಅವರ ಮೊಹರಿರೋ ಕಾಗದ ತನ್ನಿ, ಸಾಕು.”

ಹಾಗೆ ಶುರುವಾದದ್ದು. ಮೊದಲನೇ ಶನಿವಾರ ಐವತ್ತೆರಡು ನಿಮಿಷ ನಲವತ್ತು ಸೆಕೆಂಡು. ಅವತ್ತು ಮನೆಗೆ ಹೋಗಿ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ, ಮುಮ್ಮುಖವಾಗಿ ಇಳಿಯಲು ತೊಡೆ ಒಪ್ಪಲಿಲ್ಲ. ಆಮೇಲೆ ವಾರಕ್ಕೊಂದು ನಿಮಿಷ, ಅರ್ಧ ನಿಮಿಷ ಇಳಿಯುತ್ತ ಬಂತು. ನಲವತ್ತೊಂದರ ಹತ್ತಿರ ಬಂದದ್ದೇ, ಹಠಮಾರಿ ಎತ್ತಿನ ಹಾಗೆ ಅಲ್ಲೇ ನಿಂತಿತು. ನಲವತ್ತು ಐವತ್ತೊಂದು, ನಲವತ್ತು ಮೂವತ್ತೆಂಟು, ನಲವತ್ತು ನಲವತ್ನಾಲ್ಕು, ನಲವತ್ತು ಮೂವತ್ತು, ನಲವತ್ತು ಮೂವತ್ಮೂರು. ಅಷ್ಟರಲ್ಲಿ ನನ್ನ ಸೀಟಿನಲ್ಲಿ ತಾತ್ಕಾಲಿಕವಾಗಿ ಕೂತವಳನ್ನು ಕಾಯಂ ಮಾಡುವ ಆದೇಶ ಸಿದ್ಧವಾಯಿತು. “ಸೋಮವಾರದ ಒಳಗೆ ಕಾಗದ ಬಂದ್ರೆ ಸರಿ, ಇಲ್ದಿದ್ರೆ ನೀವು ಫೋನ್ ಕೋಣೆಯವರೇ,” ಎಂದು ಡಾಕ್ಟರಮ್ಮ ಹೇಳಿಕಳಿಸಿದ್ದರು. ಇದು ಅದಕ್ಕೆ ಮುಂಚಿನ ಕೊನೆಯ ಶನಿವಾರ.

ಇಪ್ಪತ್ತೆರಡು ವಾರ ಓಡಿ ಕೊನೆಗೆ ಪಟ್ಟಿಯಲ್ಲಿ ಮೂವತ್ತೊಂಬತ್ತು ಕಂಡವಳ ಖುಷಿ ಹೇಗಿರಬೇಕು? ನನಗೆ ಖುಷಿ ಆಗಲಿಲ್ಲ. ಇನ್ನು ಓಡಬೇಕಾಗಿಲ್ಲ ಎಂಬ ಒಂದು ಸುಸ್ತಿನ ಸಮಾಧಾನ, ಅಷ್ಟೇ. ಅದರ ಮೇಲೂ ಈ ಕ್ಷೌರಿಕ ಕತ್ತರಿ ಆಡಿಸಲು ಬಂದಿದ್ದ.

ಶೂ ಏರಿಸಿಕೊಂಡು ಮೇಷ್ಟ್ರ ಮೇಜಿನ ಕಡೆ ನಡೆದೆ. ಅವನು ಹಿಂದೆಯೇ ಬಂದ.

ನಮ್ಮ ಮೇಷ್ಟ್ರು ಮೂವತ್ತು ವರ್ಷ ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದವರು. ಈಗ ಎಪ್ಪತ್ತರ ಮೇಲೆ. ಶನಿವಾರ ಬೆಳಿಗ್ಗೆ ಏಳಕ್ಕೆ ಶಿಳ್ಳೆ ಊದುವವರೂ ಅವರೇ, ಗೆರೆಯ ಹತ್ತಿರ ಸ್ಟೂಲು ಹಾಕಿಕೊಂಡು ಟೈಮು ಒತ್ತುವವರೂ ಅವರೇ. ಕೆರೆಗೆ ಎರಡು ಸುತ್ತು ಬಂದರೆ ಐದು ಕಿಲೋಮೀಟರು. ಬಹುಮಾನ ಇಲ್ಲ, ಶುಲ್ಕ ಇಲ್ಲ. ಅವರ ಕೈಯಲ್ಲೊಂದು ಗಡಿಯಾರದ ಯಂತ್ರ. ಒಬ್ಬರು ಗೆರೆ ದಾಟಿದರೆ ಒಂದು ಸಲ ಹೆಬ್ಬೆರಳು ಒತ್ತುವುದು, ಕಂಡಕ್ಟರನ ಟಿಕೆಟಿನಂತೆ ಸಣ್ಣ ಕಾಗದದ ಪಟ್ಟಿಯ ಮೇಲೆ ಆ ಟೈಮು ಅಚ್ಚಾಗಿ ಹೊರಬರುವುದು. ಎರಡು ಹೆಜ್ಜೆ ಮುಂದೆ ಔಷಧಿ ಅಂಗಡಿಯಾಕೆ ನಿಂತು, ಬಂದ ಕ್ರಮದಲ್ಲೇ ಒಂದೊಂದು ನಂಬರಿನ ಬಿಲ್ಲೆ ಕೊಟ್ಟು ಹೆಸರು ಬರೆದುಕೊಳ್ಳುತ್ತಾಳೆ. ಆಮೇಲೆ ಮೊದಲನೇ ಬಿಲ್ಲೆಗೆ ಮೊದಲನೇ ಟೈಮು, ಎರಡನೆಯದಕ್ಕೆ ಎರಡನೆಯದು ಎಂದು ಮೇಷ್ಟ್ರು ಜೋಡಿಸಿ ಪಟ್ಟಿ ಬರೆಯುತ್ತಾರೆ. ಯಾರು ಬಂದರು ಎಂದು ಯಂತ್ರಕ್ಕೆ ಗೊತ್ತಿಲ್ಲ. ಬೆರಳು ಎಷ್ಟು ಸಲ ಒತ್ತಿತು ಎಂಬುದಷ್ಟೇ ಅದಕ್ಕೆ ಗೊತ್ತು.

“ಬಾ ತಾಯಿ, ಬಾ,” ಎಂದರು ಮೇಷ್ಟ್ರು. “ಕೊನೆಗೂ ನಲವತ್ತರ ಬಾಗಿಲು ದಾಟಿದೆಯಲ್ಲ. ನಿನ್ನ ಡಾಕ್ಟರಿಗೆ ಮೊಹರು ಹಾಕಿ ಕೊಡ್ತೀನಿ, ನಿಲ್ಲು. ಇವತ್ತು ಲೆಕ್ಕ ಸ್ವಲ್ಪ ಎಡವಟ್ಟಾಯ್ತು. ಬಿಲ್ಲೆ ಎಂಬತ್ಮೂರು ಹೋಗಿದೆ, ಟೈಮು ಎಂಬತ್ನಾಲ್ಕು ಬಿದ್ದಿದೆ.”

“ಒಂದು ಜಾಸ್ತಿ ಹೇಗೆ ಬಂತು?” ಎಂದ ಕ್ಷೌರಿಕ, ನನ್ನನ್ನು ನೋಡುತ್ತ.

“ಯಾವುದೋ ನಾಯಿ ದಾಟಿರ್ಬೇಕು. ನನ್ನ ಹೆಬ್ಬೆರಳು ಯಾರನ್ನೂ ಬಿಡಲ್ಲಪ್ಪ. ಎಲ್ಲಿ ಅಂತ ಹುಡುಕೋದು? ಕೊನೇದನ್ನ ಹೊಡೆದು ಹಾಕಿದೆ. ಹಾಗೆ ಮಾಡಿದ್ರೆ ಯಾರಿಗೂ ನಷ್ಟ ಇಲ್ಲ.”

ಅವರು ಕನ್ನಡಕ ಸರಿಮಾಡಿಕೊಂಡು ಬಿಳಿ ಹಾಳೆಯ ಮೇಲೆ ನನ್ನ ಹೆಸರು ಬರೆಯಲು ಕೂತರು. ಯಂತ್ರದಿಂದ ಬಂದ ಕಾಗದದ ಪಟ್ಟಿ, ಉದ್ದಕ್ಕೆ ಸುರುಳಿ ಬಿಚ್ಚಿಕೊಂಡು, ಮೇಜಿನ ಮೇಲೆಯೇ ಬಿದ್ದಿತ್ತು. ನೋಡಬಾರದು ಎಂದುಕೊಂಡೇ ನೋಡಿದೆ.

ಐವತ್ತೇಳರ ಮುಂದೆ ಮೂವತ್ತಾರು ಐವತ್ತು. ಐವತ್ತೆಂಟರ ಮುಂದೆ ಮೂವತ್ತೇಳು ಹನ್ನೆರಡು. ಐವತ್ತೊಂಬತ್ತರ ಮುಂದೆಯೂ ಮೂವತ್ತೇಳು ಹನ್ನೆರಡು.

ನಾಯಿಯಲ್ಲ. ಐವತ್ತೆಂಟನೆಯ ಬಿಲ್ಲೆ ದರ್ಜಿಯದು.

ದರ್ಜಿಯನ್ನೂ ಅವನ ಹೆಂಡತಿಯನ್ನೂ ಆ ಕೆರೆಯ ಬಾತುಕೋಳಿಗಳೂ ಬಲ್ಲವು. ಎರಡು ವರ್ಷ ಒಂದು ಶನಿವಾರವೂ ತಪ್ಪಿಸಿದವರಲ್ಲ. ದಾರಿಯುದ್ದಕ್ಕೂ ಜಗಳ, ಅವಳು ಬೇಗ ಅಂದರೆ ಇವನು ನಿಧಾನ ಅನ್ನುವುದು. ಗೆರೆಗೆ ಹತ್ತು ಹೆಜ್ಜೆ ಇರುವಾಗ ಮಾತ್ರ ಕೈ ಕೈ ಹಿಡಿದುಕೊಳ್ಳುವರು. “ಇವಳಿಗಿಂತ ಮುಂದೆ ಬಂದ್ರೆ ಮನೇಲಿ ಊಟ ಇಲ್ಲ, ಹಿಂದೆ ಬಂದ್ರೆ ಮರ್ಯಾದೆ ಇಲ್ಲ,” ಎಂದು ಅವನು ಹೇಳಿದರೆ ಎಲ್ಲರೂ ನಗುವರು. ಅವಳು ಜಾಕೆಟಿನ ಕಾಲರಿಗೆ ಸದಾ ಒಂದು ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡಿರುತ್ತಿದ್ದಳು. ಯಾರ ಅಂಗಿ ಹರಿದರೂ, ಯಾರ ಚೀಲದ ದಾರ ಕಿತ್ತರೂ ಅಲ್ಲೇ ನಿಂತು ಹೊಲಿದು ಹಲ್ಲಿನಿಂದ ದಾರ ಕಡಿದು ಕೊಡುವಳು. ಅದಕ್ಕೇ ಅವಳು ಸೂಜಿಯಕ್ಕ. ಇಬ್ಬರೂ ಒಟ್ಟಿಗೇ ಗೆರೆ ಮುಟ್ಟುತ್ತಿದ್ದುದರಿಂದ ಮೇಷ್ಟ್ರು ಅವರನ್ನು ದೂರದಲ್ಲಿ ಕಂಡಕೂಡಲೇ ಹೆಬ್ಬೆರಳು ಸಿದ್ಧಮಾಡಿಕೊಂಡು ಟಕ್ ಟಕ್ ಎಂದು ಎರಡು ಸಲ ಒತ್ತುತ್ತಿದ್ದರು.

ಸೂಜಿಯಕ್ಕ ಹೋಗಿ ಏಳು ವಾರ. ಮಲಗಿದವಳು ಏಳಲಿಲ್ಲ. ಇವತ್ತು ದರ್ಜಿ ಮೊದಲ ಸಲ ಒಬ್ಬನೇ ಬಂದಿದ್ದ. ಯಾರಿಗೂ ಏನು ಮಾತಾಡಬೇಕೆಂದು ತಿಳಿಯದೆ, ಎಲ್ಲರೂ ಅವನ ಜೊತೆ ಹವಾಮಾನದ ಬಗ್ಗೆ ಮಾತಾಡಿದ್ದೆವು.

ಮೇಷ್ಟ್ರ ಮನಸ್ಸು ಮರೆತಿರಲಾರದು. ಆದರೆ ಬೆರಳಿಗೆ ಯಾರು ಹೇಳಬೇಕು?

ಅಲ್ಲಿಂದ ಕೆಳಗೆ ಎಲ್ಲರಿಗೂ ತಮ್ಮ ಮುಂದಿನವರ ಟೈಮು ಬಂದಿದೆ ಎಂದು ನನ್ನ ತಲೆಗೆ ಆಗ ಹೊಳೆಯಿತು. ಮೂವತ್ತೊಂಬತ್ತು ಮೂವತ್ನಾಲ್ಕು ನನ್ನ ಮುಂದೆ ಬಹಳ ದೂರ ಓಡುತ್ತಿದ್ದ ಗ್ರಂಥಾಲಯದ ಹೆಂಗಸಿನದು. ನನ್ನದು ಕ್ಷೌರಿಕನ ಹೆಸರಿನಲ್ಲಿ ಕೂತಿದೆ: ನಲವತ್ತು ಇಪ್ಪತ್ತೆರಡು. ಇಷ್ಟು ವಾರಗಳಲ್ಲೇ ಒಳ್ಳೆಯದು. ಆದರೂ ಇಪ್ಪತ್ತೆರಡು ಸೆಕೆಂಡು ಹೊರಗೆ.

ಬಾಯಿ ತೆರೆಯಲಿಲ್ಲ. ಸುಳ್ಳು ಹೇಳುವುದೇಕೆ? ಆ ಹೊತ್ತಿಗೆ ನನಗೆ ಬೇಕಾಗಿದ್ದುದು ಮೊಹರು. ಮೇಷ್ಟ್ರು ಬರೆದು ಮುಗಿಸಿ ಮೊಹರನ್ನು ಬಾಯಿಯ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಟ್ಟರು, ಪ್ಯಾಡಿನಲ್ಲಿ ಶಾಯಿ ಒಣಗಿತ್ತು.

“ಮೇಷ್ಟ್ರೇ, ಇದು ಜೇಬಲ್ಲೇ ಉಳಿದುಬಿಟ್ಟಿತ್ತು.”

ದರ್ಜಿ. ಬಿಲ್ಲೆ ವಾಪಸು ಕೊಡಲು ಗೇಟಿನಿಂದ ತಿರುಗಿ ಬಂದಿದ್ದ. ಅದನ್ನು ಮೇಜಿನ ಮೇಲೆ ಇಡುವಾಗ ಅವನ ಕಣ್ಣು ಪಟ್ಟಿಯ ಮೇಲೆ ಬಿತ್ತು. ನೂಲಿನ ಎಳೆ ಎಣಿಸುವ ಕಣ್ಣು ಅದು. ಬಗ್ಗಿ ನೋಡಿದ. ಬೆರಳಿಟ್ಟು ಇನ್ನೊಮ್ಮೆ ನೋಡಿದ.

“ನಂದು ಎರಡು ಸಲ ಬಿದ್ದಿದೆ.”

ಮೇಷ್ಟ್ರು ಮೊಹರು ಹಿಡಿದುಕೊಂಡೇ ಬಗ್ಗಿದರು. ಆಮೇಲೆ ತಮ್ಮ ಬಲಗೈ ಹೆಬ್ಬೆರಳನ್ನು, ತಪ್ಪು ಮಾಡಿದ ಹುಡುಗನನ್ನು ನೋಡುವಂತೆ, ತಿರುಗಿಸಿ ನೋಡಿದರು.

“ತಪ್ಪಾಯ್ತಪ್ಪ,” ಎಂದರು. “ನೀನು ತಿರುವಲ್ಲಿ ಕಂಡೆ. ಕೈ ಅದರಷ್ಟಕ್ಕೆ ಅದೇ...”

“ಇರ್ಲಿ ಬಿಡಿ ಮೇಷ್ಟ್ರೇ. ತೆಗೀಬೇಡಿ.” ದರ್ಜಿಯ ಧ್ವನಿ ಸರಿಯಾಗಿಯೇ ಇತ್ತು, ಬಟ್ಟೆಯ ಅಳತೆ ಹೇಳುವ ಹಾಗೆ. “ಮನೇಲಿ ತಟ್ಟೆ ಕೂಡ ನಾನು ಇನ್ನೂ ಎರಡೇ ತೆಗೀತಾ ಇದೀನಿ. ಒಂದನ್ನ ವಾಪಸು ಇಡೋದು. ನಿಮ್ಮ ಪಟ್ಟೀಲಿ ಒಂದು ಸಾಲು ಜಾಸ್ತಿ ಇದ್ರೆ ಯಾರಿಗೇನು ಹೋಗುತ್ತೆ?”

“ಯಾರಿಗೂ ಏನೂ ಹೋಗಲ್ಲ,” ಎಂದರು ಮೇಷ್ಟ್ರು, ಬಿಡುಗಡೆ ಸಿಕ್ಕವರಂತೆ. “ಹಿಂದಿನವರಿಗೆಲ್ಲ ಒಳ್ಳೇದೇ ಆಗಿದೆ. ಈ ತಾಯಿಗೂ ಕೆಲಸ ಸಿಗುತ್ತೆ. ನಮ್ಮ ಸೂಜಿಯಕ್ಕ ಇದ್ದಿದ್ರೆ ಇದನ್ನೇ ಮಾಡಿ ಅಂತಿದ್ಳು. ಅಲ್ವೇನಮ್ಮ?”

ಮೂವರೂ ನನ್ನನ್ನು ನೋಡಿದರು. ಇಷ್ಟು ಒಳ್ಳೆಯ ಜನರ ಮಧ್ಯೆ ಒಂದು ಸುಳ್ಳು ಇಷ್ಟು ಹಗುರವಾಗಿ ಕೂತದ್ದನ್ನು ನಾನು ಕಂಡಿರಲಿಲ್ಲ. ಇಲ್ಲ, ಒಂದು ಸಲ ಕಂಡಿದ್ದೆ. ಎಷ್ಟೋ ವರ್ಷಗಳ ಹಿಂದೆ, ಗಾಡಿ ತಪ್ಪು ಬೀದಿಗೆ ತಿರುಗಿ ಒಂದು ಮನೆ ತಲುಪಲು ಹನ್ನೊಂದು ನಿಮಿಷವಾಯಿತು. ಡ್ರೈವರ್ ಎರಡು ಮಕ್ಕಳ ತಂದೆ, ಹೊಸದಾಗಿ ಸೇರಿದವನು. “ಅಕ್ಕಾ, ಎಂಟು ಅಂತ ಬರೀರಿ,” ಎಂದ. ಬರೆದೆ. ಆ ಮನೆಯ ಮುದುಕ ಹೇಗೂ ಉಳಿಯುತ್ತಿರಲಿಲ್ಲ, ಎಲ್ಲರೂ ಅದನ್ನೇ ಹೇಳಿದರು. ಅವನ ಮಗಳು ಆ ಕಾಗದದ ಕೆಳಗೆ ಓದದೆಯೇ ಸಹಿ ಹಾಕಿ, ನನ್ನ ಕೈ ಹಿಡಿದು, “ಎಷ್ಟು ಬೇಗ ಬಂದ್ರಿ,” ಎಂದಳು. ಯಾರಿಗೂ ಏನೂ ಹೋಗಲಿಲ್ಲ. ಈಗಲೂ ಯಾವುದಾದರೂ ಫಾರಂನಲ್ಲಿ ಎಂಟು ಎಂದು ಬರೆಯುವಾಗ ನನ್ನ ಕೈ ಸ್ವಲ್ಪ ನಿಲ್ಲುತ್ತದೆ.

“ಮೇಷ್ಟ್ರೇ,” ಎಂದೆ, “ಇವರಿಗೆ ಬೇಕಾಗಿರೋದು ಆ ಎರಡು ಸಾಲು. ಅದನ್ನ ಹರಿದು ಇವರಿಗೆ ಕೊಟ್ಟುಬಿಡಿ. ಗೋಡೆ ಮೇಲಿನ ಪಟ್ಟಿ ಸರಿ ಮಾಡಿ. ನಂದು ನಲವತ್ತು ಇಪ್ಪತ್ತೆರಡು.”

“ಸೋಮವಾರ ಇದೆಯಲ್ಲಮ್ಮ.”

“ಇದೆ. ಇದೇ ಕಾಗದ ತಗೊಂಡು ಹೋಗ್ತೀನಿ. ಡಾಕ್ಟರಮ್ಮ ಏನಂತಾರೆ ಅಂತ ನಂಗೆ ಗೊತ್ತು.”

“ಮೂವತ್ತೊಂಬತ್ತು ಅಂತ ಆಗಲೇ ಬರೆದಾಗಿದೆ.”

“ಹೊಡೆದು ಹಾಕಿ ಮೇಷ್ಟ್ರೇ. ನಾಳೆ ನಾಲ್ಕನೇ ಮಹಡಿ ಮೆಟ್ಟಿಲಲ್ಲಿ ನಂಗೆ ಇಪ್ಪತ್ತೆರಡು ಸೆಕೆಂಡು ಉಸಿರು ಕಮ್ಮಿ ಬಿದ್ರೆ ಸ್ಟ್ರೆಚರ್ ಮೇಲಿರೋರಿಗೆ ನಾನು ಏನಂತ ಹೇಳ್ಲಿ? ನಮ್ಮ ಮೇಷ್ಟ್ರಿಗೆ ಹಳೇ ಅಭ್ಯಾಸ, ಅಂತಲಾ?”

ಹೇಳಿದ ಮೇಲೆ ಒರಟಾಯಿತು ಅನಿಸಿತು. ದರ್ಜಿಯ ಕಡೆ ತಿರುಗಿದೆ. ಅವನು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. “ಅವಳೂ ಹೀಗೇ,” ಎಂದ. “ನಾನು ಅರ್ಧ ಇಂಚು ತಪ್ಪು ಹೊಲಿದ್ರೆ ಗಿರಾಕಿ ಸುಮ್ನಿದ್ರೂ ಅವಳು ಬಿಚ್ಚಿಹಾಕ್ತಿದ್ಳು. ರಾತ್ರಿಯೆಲ್ಲ ಮಾಡಿದ್ದು ಬೆಳಿಗ್ಗೆ ದಾರದ ಗುಡ್ಡೆ.”

ಮೇಷ್ಟ್ರು ಸ್ಕೇಲು ಇಟ್ಟು ಕಾಗದದ ಪಟ್ಟಿಯಿಂದ ಆ ಎರಡು ಸಾಲುಗಳ ತುಂಡನ್ನು ನಿಧಾನವಾಗಿ ಹರಿದರು. ಅಂಚು ಸ್ವಲ್ಪ ಸೊಟ್ಟಗಾಯಿತು. ದರ್ಜಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, ಅದರಲ್ಲಿ ಓದುವುದಕ್ಕೆ ಇನ್ನೂ ಏನೋ ಇದೆ ಎಂಬಂತೆ ನೋಡಿ, ಮಡಿಸದೆ ಅಂಗಿಯ ಜೇಬಿಗೆ ಹಾಕಿಕೊಂಡ. “ಮುಂದಿನ ಶನಿವಾರ ಬರ್ತೀನಿ ಮೇಷ್ಟ್ರೇ. ಒಂದೇ ಸಲ ಒತ್ತಿ,” ಎಂದು ಹೇಳಿ ಗೇಟಿನ ಕಡೆ ಹೋದ.

ಗೋಡೆಯ ಪಟ್ಟಿ ಕೆಳಗಿಳಿಯಿತು. ಐವತ್ತೊಂಬತ್ತರಿಂದ ಎಂಬತ್ಮೂರರವರೆಗೆ ಮೇಷ್ಟ್ರು ಒಂದೊಂದಾಗಿ ಕೆಂಪು ಪೆನ್ನಿನಲ್ಲಿ ತಿದ್ದಿದರು. ಕ್ಷೌರಿಕ ಬಗ್ಗಿ ಎಪ್ಪತ್ತೊಂದನೆಯ ಸಾಲು ನೋಡಿದ.

“ನಂಗೆ ನಲವತ್ತು ಇಪ್ಪತ್ಮೂರಾ? ಮೊದಲು ಇಪ್ಪತ್ತೆರಡಿತ್ತಲ್ಲ.”

“ಅದು ನಂದು,” ಎಂದೆ. “ನೀನು ನನ್ನ ಜಡೆ ಹಿಂದೆ ಇದ್ದೆಯಲ್ಲ, ಅದು ಒಂದು ಸೆಕೆಂಡು.”

“ಚೆನ್ನಾಗಿದೆ. ನ್ಯಾಯ ಕೇಳೋಕೆ ಬಂದು ಕೈಲಿದ್ದ ಒಂದು ಸೆಕೆಂಡೂ ಕಳ್ಕೊಂಡೆ. ಇದಕ್ಕೇ ನಮ್ಮಪ್ಪ ಹೇಳ್ತಿದ್ದ, ಗಿರಾಕಿ ತಲೆ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕ್ಬೇಡ ಅಂತ.” ಅವನು ನಗಲು ನೋಡಿದ. ನಾನು ನಗದೆ ಇದ್ದುದನ್ನು ಕಂಡು, “ಅಕ್ಕಾ, ನಾನು ಬಾಯಿ ಮುಚ್ಕೊಂಡು ಇರ್ಬೇಕಿತ್ತು,” ಎಂದ.

“ನೀನು ಹುಟ್ಟಿದ್ಮೇಲೆ ಯಾವತ್ತು ಮುಚ್ಚಿದ್ದೆ? ಬಿಡು.”

“ಮುಂದಿನ ವಾರ ನಾನು ಮುಂದೆ ಓಡ್ತೀನಿ. ನೀವು ನನ್ನ ಬೆನ್ನು ನೋಡ್ಕೊಂಡು ಬನ್ನಿ. ಇಪ್ಪತ್ಮೂರು ಸೆಕೆಂಡು ಏನು ಮಹಾ?”

“ಸೋಮವಾರ ಮುಗೀತಲ್ಲೋ.”

“ಸೋಮವಾರ ಡಾಕ್ಟರಿಗೆ ಮುಗೀತು. ಶನಿವಾರ ಮುಗಿಯುತ್ತಾ?”

ನಾನು ಹತ್ತು ಗಂಟೆಗೆ ಫೋನ್ ಕೋಣೆಯಲ್ಲಿ ಇರಬೇಕಿತ್ತು. ಮೂರು ಕಾಲಿನ ಕುರ್ಚಿ, ಹೆಡ್‌ಫೋನಿನ ಸ್ಪಂಜಿನಿಂದ ಬರುವ ಹಳೆಯ ಬೆವರಿನ ವಾಸನೆ, ಮೂವತ್ತು ಮೊದಲರ್ಧಗಳು, ಎಲ್ಲವೂ ಕಾಯುತ್ತಿದ್ದವು. ಮೇಷ್ಟ್ರು ಹೊಸ ಹಾಳೆಯಲ್ಲಿ ನಲವತ್ತು ಇಪ್ಪತ್ತೆರಡು ಎಂದು ಬರೆದು, ಮೊಹರಿಗೆ ಮತ್ತೊಮ್ಮೆ ಉಸಿರು ಬಿಟ್ಟು, ಒತ್ತಿ ಕೊಟ್ಟರು. ಅರ್ಧ ಮಾತ್ರ ಮೂಡಿತ್ತು. ಮಡಿಸಿ ಚೀಲಕ್ಕೆ ಹಾಕಿಕೊಂಡೆ.

“ಈ ಮೇಜು ಯಾರು ಒಳಗಿಡ್ತೀರಪ್ಪ?” ಎಂದರು ಮೇಷ್ಟ್ರು. “ಮಡಿಸೋ ಕೀಲು ಮುರಿದಿದೆ. ಹಾಗೇ ಎತ್ತಬೇಕು.”

ಕ್ಷೌರಿಕ ಒಂದು ತುದಿಗೆ ಹೋದ. ನಾನು ಚೀಲವನ್ನು ಬೆನ್ನಿಗೆ ಹಾಕಿಕೊಂಡು ಇನ್ನೊಂದು ತುದಿಗೆ ಹೋಗಿ ಮಂಡಿ ಬಗ್ಗಿಸಿದೆ.

“ನಾನು ಹೇಳಿದಾಗ ಎತ್ತು,” ಎಂದೆ. “ಒಂದು, ಎರಡು, ಹ್ಞೂಂ.”

ಮೇಜು ಮೇಲೆ ಬಂತು. ಸಾಮಾನು ಕೋಣೆಯ ಮೂರು ಮೆಟ್ಟಿಲು ಹತ್ತುವಾಗ ಕೆಳಗಿನ ತುದಿ ನನ್ನದು. ಅವನು ಹಿಮ್ಮುಖವಾಗಿ ಹತ್ತುತ್ತ ಒಂದು ಸಲ ತಡವರಿಸಿದ, ನಾನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಅವನು ಕಾಲು ಊರುವವರೆಗೆ ನಿಂತೆ. ಮೇಷ್ಟ್ರು ಅರ್ಧ ಕುಡಿದು ಮರೆತಿದ್ದ ನೀರಿನ ಲೋಟ ಮೇಜಿನ ಮೇಲೆಯೇ ಇತ್ತು. ಒಳಗೆ ಗೋಡೆಯ ಪಕ್ಕ ಮೇಜನ್ನು ಇಳಿಸಿದ ಮೇಲೆ ಅದನ್ನು ಕಂಡೆವು, ಒಂದು ಹನಿಯೂ ಚೆಲ್ಲಿರಲಿಲ್ಲ. ಕ್ಷೌರಿಕ ಅದನ್ನು ತೆಗೆದು, ಮೆಟ್ಟಿಲ ಪಕ್ಕದ ಗಿಡಕ್ಕೆ ನೀರು ಸುರಿದ.